ನೆನಪಿನ ಪುಡಿಯವರು

ನಮ್ಮ ಬೀದಿಯ ನೆನಪಿನ ಪುಡಿಯವರನ್ನು ನಾನು ಮೊದಲ ದಿನದಿಂದಲೂ ಅನುಮಾನದಿಂದಲೇ ನೋಡುತ್ತಿದ್ದೇನೆ. ಆದರೂ ಅವರ ಒಂದೆಲಗದ ಪುಡಿಯ ಮೂರು ಡಬ್ಬಿ ನಮ್ಮ ಮನೆಯಲ್ಲಿವೆ, ತಿನ್ನುವುದು ಮರೆತುಹೋಗುತ್ತದೆ. ಅವರ ವಾದಕ್ಕೆ ಎದುರೇ ಇಲ್ಲ. ಗಿರಾಕಿ ಮತ್ತೆ ಬಂದರೆ, "ನೋಡಿ, ಮರೀದೆ ಬಂದ್ರಲ್ಲ, ಪುಡಿ ಕೆಲಸ ಮಾಡಿದೆ!" ಬಾರದಿದ್ದರೆ, "ಪಾಪ, ಮರೆತ್ಬಿಟ್ಟಿದ್ದಾರೆ, ಇನ್ನೆರಡು ಡಬ್ಬಿ ಬೇಕಿತ್ತು." ತಾವು ಮಾತ್ರ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡದ್ದು ನನ್ನ ಕಣ್ಣಿಗೆ ಬಿದ್ದಿಲ್ಲ. ಅಂಥವರು ನಿನ್ನೆ ಬೆಳಿಗ್ಗೆ ಹೊಸ ಡಬ್ಬಿ ತೆರೆದು, ಗಲ್ಲಾಪೆಟ್ಟಿಗೆಯ ಪಕ್ಕ ಕೂತಿದ್ದ ತಮ್ಮ ಅಕ್ಕನಿಗೆ ಪುಡಿಯನ್ನು ಜೇನಿನಲ್ಲಿ ಕಲೆಸಿ ತಿನ್ನಿಸಿ, "ಅಕ್ಕಾ, ನಾನ್ಯಾರು ಹೇಳು?" ಎಂದರು. ಆಕೆ ತುಂಬ ಹೊತ್ತು ಅವರ ಮುಖ ನೋಡಿ, "ಅಂಗಡಿಯವರಲ್ವಾ?" ಎಂದರು. ಪುಡಿಯವರು ಚಮಚ ಒರೆಸುತ್ತ ನನ್ನತ್ತ ತಿರುಗಿ, "ಗುಣ ಕಾಣ್ತಿದೆ ಸಾರ್, ಮೊನ್ನೆ ಅಷ್ಟೂ ಗೊತ್ತಿರ್ಲಿಲ್ಲ" ಎಂದರು.