ತಟ್ಟೆಗಿಂತ ಮೊದಲು ಸೂಜಿ

ವಿಮಾನಕ್ಕೆ ಐದು ಗಂಟೆ ಮೊದಲೇ ಮನೆ ಬಿಡುವ ಜಾತಿ ನನ್ನದು. ಅದೇ ಆತುರದಲ್ಲಿ, ವಿಮಾನ ನಿಲ್ದಾಣದ ದಾರಿಯಲ್ಲಿ ಹುಣಸಮಾರನಹಳ್ಳಿಯ ಮುದ್ದೆ ಹೋಟೆಲು ಕಣ್ಣಿಗೆ ಬಿದ್ದದ್ದೇ ಕಾರಿನಲ್ಲೇ ಇನ್ಸುಲಿನ್ ಚುಚ್ಚಿಕೊಂಡೆ. ಒಳಗೆ ಹೋದರೆ ಹೋಟೆಲಿನ ಅಮ್ಮ, "ಈಗ್ತಾನೆ ಎಸರಿಟ್ಟಿದೀನಿ, ಅರ್ಧ ಗಂಟೆ ಆಯ್ತದೆ, ಬೇರೇನೂ ಇಲ್ಲ" ಅಂದರು.

ಅಷ್ಟು ಹೊತ್ತು ಕಾಯುವ ತಾಳ್ಮೆ ಇನ್ಸುಲಿನ್‌ಗಿಲ್ಲ. ಹೊಟ್ಟೆಗೆ ಏನೂ ಬೀಳದಿದ್ದರೆ ರಕ್ತದ ಸಕ್ಕರೆ ಕುಸಿಯುತ್ತದೆ. ನಾನು ಬಹಳ ಜೋಪಾನವಾಗಿ ಗ್ಲೂಕೋಸ್ ಪೊಟ್ಟಣಗಳನ್ನು ಸೂಟ್‌ಕೇಸಿನ ತಳದಲ್ಲಿಟ್ಟಿದ್ದೆ. ಸೂಟ್‌ಕೇಸು ಕಾರಿನಲ್ಲಿತ್ತು, ನನ್ನನ್ನು ಇಳಿಸಿದ ಡ್ರೈವರ್ ಕಾರಿಗೆ ಗ್ಯಾಸ್ ತುಂಬಿಸಲು ಹೋಗಿದ್ದ. ನಾಚಿಕೆ ಬಿಟ್ಟು ವಿಷಯ ಹೇಳಿದೆ.

"ತಟ್ಟೆ ಬರೋಕ್ ಮುಂಚೇನೇ ಚುಚ್ಕೊಂಡ್ರಾ? ನಮ್ಮಲ್ಲಿಗೆ ಬರೋ ಸೂಜಿಯೋರು ಮುದ್ದೆ ಮುಂದಿದ್ರೇನೇ ಅಂಗಿ ಎತ್ತೋದು" ಅಂದರು ಅಮ್ಮ.

ನಿಜ. ಎದುರು ಬೆಂಚಿನಲ್ಲಿ ಹಿರಿಯರೊಬ್ಬರು, ಹಿಂದಿನ ಸಲ ಬೇಯಿಸಿದ್ದರಲ್ಲಿ ಉಳಿದಿದ್ದ ಕೊನೆಯ ಮುದ್ದೆಯನ್ನು ಮುಂದಿಟ್ಟುಕೊಂಡು, ಅಂಗಿ ಎತ್ತಿ, ಇನ್ಸುಲಿನ್ ಪೆನ್ನು ಹಿಡಿದಿದ್ದರು. ನನ್ನ ಮುಖ ನೋಡಿ ಪೆನ್ನಿಗೆ ಮುಚ್ಚಳ ಹಾಕಿ, ತಟ್ಟೆಯನ್ನು ನನ್ನತ್ತ ತಳ್ಳಿದರು.

"ತಗೊಳಿ ಸ್ವಾಮಿ. ನಾನಿನ್ನೂ ಚುಚ್ಕೊಂಡಿಲ್ಲ, ಕಾಯ್ತೀನಿ."

ಸಂಕೋಚಪಡಲು ಪುರುಸೊತ್ತಿರಲಿಲ್ಲ. ಮುದ್ದೆ ಮುರಿದು ಗಬಗಬನೆ ನುಂಗಿದೆ. ಅವರು ಅಂಗಿ ಇಳಿಸಿಕೊಂಡು, "ನಿಧಾನ ಸ್ವಾಮಿ, ಸಾರು ಬಿಸಿ ಐತೆ" ಅಂದರು.