ಔರಾದಿನ ಹುಡುಗನ ಇಟಲಿ ಗಾಡಿ

ವಿನಯವು ಹೃದಯದಲ್ಲಿ ಹುಟ್ಟಿ ನಡೆಯಲ್ಲಿ ಕಾಣಿಸುತ್ತದೆ ಎಂದು ಹಿರಿಯರು ಹೇಳಿದ್ದಾರೆ. ಹಾಗೆ ಹೇಳಿದವರು ಯಾರೂ ಇಟಲಿಯ ಸ್ಪೋರ್ಟ್ಸ್ ಮೋಟಾರ್ ಸೈಕಲ್ ಹತ್ತಿದವರಲ್ಲ.

ಔರಾದಿನಲ್ಲಿ ಗೊಬ್ಬರದ ಅಂಗಡಿ ಇಟ್ಟಿರುವ ನನ್ನ ಅಕ್ಕನ ಮಗ ಅಂಥದ್ದೊಂದು ಕೆಂಪು ಗಾಡಿಯನ್ನು ಹೈದರಾಬಾದಿನಿಂದ ಸೆಕೆಂಡ್ ಹ್ಯಾಂಡಿಗೆ ತಂದಿದ್ದ. ಅದೇ ವರ್ಷ ಭಾಲ್ಕಿಯ ಹುಡುಗಿಯೊಬ್ಬಳನ್ನು ಮೆಚ್ಚಿದ. ಅವಳೂ ಮೆಚ್ಚಿದಳು. ಮೆಚ್ಚದವರು ಅವಳ ತಂದೆ, ನಿವೃತ್ತ ಮಾಸ್ತರರು. ಗಾಡಿಯ ಸುದ್ದಿ ಕೇಳಿದ್ದೇ, "ಹುಡುಗ ಸೊಕ್ಕಿನವ ಇದ್ದಾನ, ನಮ್ಮ ಮನಿಗಿ ಬ್ಯಾಡ್ರಿ," ಎಂದು ಹೇಳಿಕಳಿಸಿದರು. ಮಗಳು ಹಟ ಹಿಡಿದ ಮೇಲೆ, ಒಮ್ಮೆ ಬರಲಿ, ಕಣ್ಣಾರೆ ನೋಡಿ ತೀರ್ಮಾನಿಸುತ್ತೇನೆ ಎಂದರು.

ಹುಡುಗನಿಗೆ ಸೊಕ್ಕಿಲ್ಲವೆಂದು ಸಾಕ್ಷಿ ಹೇಳಲು ಬೀದರಿನಿಂದ ನಾನು ಹೊರಟೆ. ಅವನು ನನ್ನನ್ನು ಕರೆದೊಯ್ಯಲು ಔರಾದಿನಿಂದ ಗಾಡಿಯ ಮೇಲೆಯೇ ಬಂದ.

"ಬಸ್ಸಿಗಿ ಹೋಗೋಣಲೇ," ಎಂದೆ.

"ಮುಚ್ಚಿಟ್ಟು ಹೋದ್ರ ಮೋಸ ಆಗ್ತದ್ರಿ ಮಾಮಾ. ಇದ್ದದ್ದು ಇದ್ದಂಗ ನೋಡ್ಲಿ."

ಆ ಗಾಡಿಯ ಹ್ಯಾಂಡಲ್ ತಗ್ಗಿನಲ್ಲಿದೆ, ಕಾಲಿಡುವ ಜಾಗ ಹಿಂದೆ, ಎತ್ತರದಲ್ಲಿದೆ. ಓಡಿಸುವವನು ಟ್ಯಾಂಕಿಗೆ ಎದೆ ಹಚ್ಚಿ ಮಲಗಬೇಕು. ಹಿಂದೆ ಕೂಡುವವನಿಗೆ ಅಂಗೈ ಅಗಲದ ಪೀಠ. ಗಾಳಿಯನ್ನು ಸೀಳಲು ಈ ಏರ್ಪಾಡಂತೆ. ಆದರೆ ನಮ್ಮ ದಾರಿಯಲ್ಲಿ ಊರೂರಿಗೂ ಹಂಪುಗಳು. ಮೂರನೇ ಗೇರಿನ ಆಚೆ ಏನಿದೆ ಎಂಬುದು ಬೀದರ್ ಜಿಲ್ಲೆಗೆ ಇನ್ನೂ ತಿಳಿದಿಲ್ಲ. ಗಾಳಿ ಸಿಗಲಿಲ್ಲ. ಎಂಜಿನ್ನಿನ ಕಾವು ಮಾತ್ರ ತೊಡೆಗೆ ಧಾರಾಳವಾಗಿ ಸಿಕ್ಕಿತು. ಕಬ್ಬು ಹೇರಿದ ಟ್ರ್ಯಾಕ್ಟರೊಂದು ನಮ್ಮನ್ನು ದಾಟಿ ಹೋಯಿತು. ಅದರ ಡ್ರೈವರ್ ನನ್ನ ಕಡೆ ತಿರುಗಿ, "ಮುತ್ಯಾ, ಗಟ್ಟಿ ಹಿಡಕೋರಿ," ಎಂದ.

ಮಾಸ್ತರರು ಬಾಗಿಲಲ್ಲೇ ನಿಂತಿದ್ದರು. ನಾನು ಇಳಿದೆ. ಸೊಂಟ ಸೆಟೆದುಹೋಗಿತ್ತು, ಕೈ ಮುಗಿದೆನೇ ಹೊರತು ತಲೆ ಬಾಗಿಸಲಾಗಲಿಲ್ಲ. ಅಕ್ಕನ ಮಗನೂ ಇಳಿದ. ಅವನ ಬೆನ್ನು ನೆಟ್ಟಗಾಗಲಿಲ್ಲ. ಔರಾದಿನಿಂದ ಹೇಗೆ ಬಂದಿದ್ದನೋ ಹಾಗೆಯೇ ಬಾಗಿ, ನೆಲ ನೋಡುತ್ತ, "ಶರಣ್ರಿ," ಎಂದ.

ಮಾಸ್ತರರೂ ಬಾಗಿ ಶರಣು ಎಂದರು. ತಲೆಯೆತ್ತಿ ನೋಡಿದರೆ ಹುಡುಗ ಇನ್ನೂ ಬಾಗಿಯೇ ಇದ್ದ. ಅವರು ಮತ್ತೊಮ್ಮೆ ಬಾಗಿದರು.

"ಸಾಕು, ಏಳ್ರಿ."

"ಇರ್ಲ್ರಿ. ಹಿಂಗೇ ಆರಾಮ ಅದ."

ಹಾಗೆಯೇ ಒಳಗೆ ನಡೆದ, ಹಾಗೆಯೇ ಚಹಾ ಕುಡಿದ. ನಾನು ಗೋಡೆಗೆ ಬೆನ್ನು ಹಚ್ಚಿ ನೆಟ್ಟಗೆ ನಿಂತಿದ್ದೆ. ಅಡುಗೆಮನೆಯಲ್ಲಿ ಮಾಸ್ತರರು ಹೆಂಡತಿಗೆ ಹೇಳುತ್ತಿದ್ದದ್ದು ಕೇಳಿಸಿತು.

"ಹುಡುಗ ಬಂಗಾರ ಇದ್ದಾನ. ಸೊಕ್ಕೆಲ್ಲಾ ಅವರ ಮಾಮಾಗ ಅದ. ಹ್ಯಾಂಗ ನಿಂತಾನ ನೋಡು, ಕಂಬದಂಗ. ಗಾಡಿನೂ ಅವಂದೇ ಇರಬೇಕು."

ಮದುವೆ ಭಾಲ್ಕಿಯಲ್ಲೇ ಆಯಿತು. ನಾನು ಬಸ್ಸಿಗೆ ಹೋಗಿ ಬಂದೆ.