ಕಾಯಿಲೆಯ ಹೆಸರಿದ್ದ ಕಾಗದ

ಅರುವತ್ತರ ದಶಕದಲ್ಲಿ ನಾನು ಬಂಟ್ವಾಳದ ಹಂಚಿನ ಕಾರ್ಖಾನೆಯಲ್ಲಿ ಹಂಚು ಹೊರುತ್ತಿದ್ದೆ. ಸಂಜೆಯಾದರೆ ತೊಡೆಸಂದಿಯಲ್ಲಿ ಎಡಗಡೆಯ ಬೀಜ (ವೃಷಣ) ಭಾರವಾಗಿ ಜಗ್ಗುತ್ತಿತ್ತು. ಹೆಂಡತಿಗೂ ಹೇಳಿರಲಿಲ್ಲ. ಮದುವೆಯಾಗಿ ಐದು ವರ್ಷವಾದರೂ ನಮಗೆ ಮಕ್ಕಳಿರಲಿಲ್ಲ. ಕೊನೆಗೆ ಕಾರ್ಮಿಕರ ಸರಕಾರಿ ವಿಮೆಯ ಚೀಟಿ ಹಿಡಿದು ಡಾಕ್ಟರ ಬಳಿ ಹೋದೆ. ಅವರು ನಿಲ್ಲಿಸಿ, ಕೆಮ್ಮಿಸಿ, ಮುಟ್ಟಿ ನೋಡಿದರು.

“ಕೆಟ್ಟ ರೋಗ ಅಲ್ಲ ಮಾರಾಯ. ಬೀಜದ ಮೇಲಿನ ರಕ್ತನಾಳ ಊದಿಕೊಂಡಿದೆ. ಆಪರೇಶನ್ ಮಾಡಿಸುವ. ವಿಮೆ ಉಂಟಲ್ಲ, ಖರ್ಚಿಲ್ಲ.”

“ಮಕ್ಕಳಾಗದ್ದು ಇದರಿಂದಲಾ?”

“ಇರಬಹುದು.”

ಅವರು ಕಾಯಿಲೆಯ ಹೆಸರು ಬರೆದುಕೊಟ್ಟ ಕಾಗದಕ್ಕೆ ಕಾರ್ಖಾನೆಯ ಗುಮಾಸ್ತರ ಸಹಿ ಬೇಕಿತ್ತು. ಗುಮಾಸ್ತರು ನನ್ನ ಹೆಂಡತಿಯ ತವರಾದ ತೋಡಾರಿನವರು. ಓದಿದರೆ ಸುದ್ದಿ ಅಲ್ಲಿಗೆ ಮುಟ್ಟುತ್ತದೆಂಬ ಹೆದರಿಕೆಯಿಂದ ಮೂರು ದಿನ ಕಾಗದವನ್ನು ಕಿಸೆಯಲ್ಲೇ ಇಟ್ಟುಕೊಂಡೆ. ನಾಲ್ಕನೆಯ ದಿನ ಹೆಂಡತಿಯ ಮುಂದೆ ಅದನ್ನಿಟ್ಟು ಎಲ್ಲವನ್ನೂ ಹೇಳಿದೆ.

ಅವಳು ಕಾಗದವನ್ನು ಮಡಚಿ ನನ್ನ ಕಿಸೆಗೆ ಹಾಕಿದಳು.

“ಐದು ವರ್ಷದಿಂದ ನಾನು ನನ್ನನ್ನೇ ಬೈದುಕೊಳ್ತಾ ಇದ್ದೆ” ಎಂದಳು. ಆಮೇಲೆ, “ನಾಳೆಯೇ ಸಹಿ ಹಾಕಿಸಿ. ಆಸ್ಪತ್ರೆಗೆ ನಾನೂ ಬರ್ತೇನೆ” ಎಂದಳು.

ಆಪರೇಶನ್ ಆಯಿತು, ನೋವು ಹೋಯಿತು. ಮಕ್ಕಳು ಮಾತ್ರ ಆಗಲಿಲ್ಲ. ಮುಂದೆ ಯಾರಾದರೂ ಆ ಮಾತು ತೆಗೆದರೆ, ಅವಳು ತಲೆ ತಗ್ಗಿಸುವ ಮೊದಲೇ “ತೊಂದರೆ ನನ್ನದು” ಎಂದು ನಾನೇ ಹೇಳಿಬಿಡುತ್ತಿದ್ದೆ.